ಧರ್ಮಕೇಂದ್ರದಲ್ಲಿ ವಿನ್ಸೆಂಟ್ ದೆ ಪಾಲ್ ಸಭೆ ಕಟ್ಟುವ ಬಗೆ: ಮೊದಲ ಪ್ರಾರ್ಥನೆಯಿಂದ ಮನೆ ಭೇಟಿಯವರೆಗೆ

"ನಮ್ಮ ಧರ್ಮಕೇಂದ್ರದಲ್ಲಿ ಬಡವರಿಗೆ ನೆರವಾಗುವ ಒಂದು ಗುಂಪು ಕಟ್ಟಬೇಕೆಂದಿದ್ದೇವೆ, ಎಲ್ಲಿಂದ ಆರಂಭಿಸಬೇಕು?" "ಸಭೆ ಹಿಂದೆ ಇತ್ತು, ಈಗ ಹೆಸರಿಗೆ ಮಾತ್ರ ಉಳಿದಿದೆ, ಮತ್ತೆ ಎಬ್ಬಿಸುವುದು ಹೇಗೆ?" ಈ ಎರಡು ಪ್ರಶ್ನೆಗಳನ್ನು ಓದುಗರು ಮೇಲಿಂದ ಮೇಲೆ ಕೇಳುತ್ತಿದ್ದಾರೆ. ಕೇಳಿದವರಲ್ಲಿ ಹೆಚ್ಚಿನವರು ಬೆನ್ನಿಗೇ ಹಣದ ವಿಷಯವನ್ನೂ ಎತ್ತುತ್ತಾರೆ: ಮೂಲಧನ ಎಷ್ಟು ಬೇಕು, ತಿಂಗಳಿಗೆ ಎಷ್ಟು ದಿನಸಿ ಕಿಟ್ ಹಂಚಬೇಕು, ದಾನಿಗಳು ಎಲ್ಲಿ ಸಿಗುತ್ತಾರೆ. ಹಲವು ವರ್ಷ ಇಂಥದೊಂದು ಘಟಕದ ನಡಾವಳಿ ಬರೆದ ಅನುಭವದಿಂದ ಹೇಳುವುದಾದರೆ, ಹಣ ಸಂಗ್ರಹದಿಂದ ಆರಂಭವಾದ ಗುಂಪುಗಳು ಹಣ ಕರಗಿದ ತಿಂಗಳಲ್ಲೇ ಚದುರುವುದನ್ನು ಕಂಡಿದ್ದೇನೆ. ಪ್ರಾರ್ಥನೆ ಮತ್ತು ಮನೆ ಭೇಟಿಯಿಂದ ಆರಂಭವಾದವು ಕೈ ಬರಿದಾದ ತಿಂಗಳುಗಳನ್ನೂ ದಾಟಿ ಉಳಿದಿವೆ. ಆದ್ದರಿಂದ ಈ ಬರಹದಲ್ಲಿ ಹಣದ ಮಾತು ಆರನೆಯ ಹಂತದಲ್ಲಿ ಬರುತ್ತದೆ.

ಮೊದಲು ಕೆಲವು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಸಂತ ವಿನ್ಸೆಂಟ್ ದೆ ಪಾಲ್ ಸಭೆ ಎಂಬುದು ಗುರುಗಳಾಗಲಿ (ಅಂದರೆ ಪಾದ್ರಿಗಳು) ಕನ್ಯಾಸ್ತ್ರೀಯರಾಗಲಿ ನಡೆಸುವ ಸಂಸ್ಥೆಯಲ್ಲ. ಅದು ಶ್ರೀಸಾಮಾನ್ಯ ಕಥೋಲಿಕರು, ಅಂದರೆ ಸಂಸಾರಸ್ಥರು, ನೌಕರರು, ವಿದ್ಯಾರ್ಥಿಗಳು, ತಾವೇ ನಡೆಸುವ ಸಂಘ. ಒಂದು ಧರ್ಮಕೇಂದ್ರದ, ಅಂದರೆ ಒಂದು ಚರ್ಚಿಗೆ ಸೇರಿದ ವಿಶ್ವಾಸಿಗಳ ಸಮುದಾಯದ, ಮಟ್ಟದಲ್ಲಿರುವ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ಇಲ್ಲಿ ಅದನ್ನು ಘಟಕ ಎಂದು ಕರೆದಿದ್ದೇನೆ. ಹಲವು ಘಟಕಗಳ ಮೇಲೆ ಒಂದು ಪ್ರದೇಶದ ಪರಿಷತ್ತು, ಅದರ ಮೇಲೆ ಕೇಂದ್ರ ಪರಿಷತ್ತು, ಅದರ ಮೇಲೆ ರಾಷ್ಟ್ರೀಯ ಪರಿಷತ್ತು, ಎಲ್ಲಕ್ಕೂ ಮೇಲೆ ಪ್ಯಾರಿಸ್‌ನಲ್ಲಿರುವ ಮಹಾಪರಿಷತ್ತು ಇರುತ್ತದೆ. ಜನರ ಬಾಯಲ್ಲಿ ಇದೆಲ್ಲ ಸೇರಿ ಎಸ್‌ವಿಪಿ.

ಇದರ ಹುಟ್ಟನ್ನು ತಿಳಿದರೆ ಮುಂದಿನ ಹಂತಗಳ ಕಾರಣ ತಾನಾಗಿ ಅರ್ಥವಾಗುತ್ತದೆ. 1832ರಲ್ಲಿ ಪ್ಯಾರಿಸ್‌ನಲ್ಲಿ ಕಾಲರಾ ಹರಡಿ ಬಡ ಕೇರಿಗಳು ಬರಿದಾಗಿದ್ದವು. ಆ ದಿನಗಳಲ್ಲಿ ಕಥೋಲಿಕ ವಿದ್ಯಾರ್ಥಿಗಳ ಚರ್ಚಾಕೂಟವೊಂದರಲ್ಲಿ ಎದುರಾಳಿಗಳು ಕೇಳಿದ ಪ್ರಶ್ನೆ ನೇರವಾಗಿತ್ತು: ನಿಮ್ಮ ಧರ್ಮಸಭೆ ಹಿಂದೆ ಮಾಡಿದ್ದು ಇರಲಿ, ಈಗ ಬಡವರಿಗಾಗಿ ನೀವು ಏನು ಮಾಡುತ್ತಿದ್ದೀರಿ? ಕಾನೂನು ವಿದ್ಯಾರ್ಥಿ ಫ್ರೆಡ್ರಿಕ್ ಓಝನಾಮ್ ಮತ್ತು ಅವರ ಗೆಳೆಯರು ಈ ಮಾತನ್ನು ಮನಸ್ಸಿಗೆ ಹಚ್ಚಿಕೊಂಡರು. 1833ರ ಏಪ್ರಿಲ್ 23ರಂದು, ಓಝನಾಮ್ ಅವರಿಗೆ 20 ತುಂಬಿದ ದಿನವೇ, ಮೊದಲ ಸಭೆ ಸೇರಿತು. ಪತ್ರಿಕಾ ಸಂಪಾದಕ ಎಮ್ಯಾನುವೆಲ್ ಬೈಯಿ ಅಧ್ಯಕ್ಷರಾದರು. ಬಡವರ ಮನೆಗೆ ಹೋಗುವುದು ಹೇಗೆಂದು ಈ ಹುಡುಗರಿಗೆ ಗೊತ್ತಿರಲಿಲ್ಲ. ಮೂಫ್ತಾರ್ ಎಂಬ ಬಡ ಕೇರಿಯಲ್ಲಿ ದುಡಿಯುತ್ತಿದ್ದ ಸಿಸ್ಟರ್ ರೊಸಾಲಿ ರೆಂಡು ಈ ವಿದ್ಯಾರ್ಥಿಗಳಿಗೆ ಕುಟುಂಬಗಳ ಪಟ್ಟಿ ಕೊಟ್ಟರು, ರೊಟ್ಟಿಗೆ ಬದಲಾಯಿಸಿಕೊಳ್ಳುವ ಚೀಟಿಗಳನ್ನು ಕೊಟ್ಟರು, ಹೊಸ್ತಿಲು ದಾಟಿದ ಮೇಲೆ ನಡೆದುಕೊಳ್ಳುವ ರೀತಿಯನ್ನೂ ಕಲಿಸಿದರು. ಧರ್ಮಸಭೆ ಓಝನಾಮ್ ಅವರನ್ನು 1997ರಲ್ಲಿ, ರೊಸಾಲಿ ಅವರನ್ನು 2003ರಲ್ಲಿ ಪುನೀತರ (ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗಿನವರ) ಸಾಲಿಗೆ ಸೇರಿಸಿತು. ನಮ್ಮಲ್ಲಿ ಓಝನಾಮ್ ಹೆಸರು ಕೇಳಿದವರು ಹಲವರಿದ್ದಾರೆ, ರೊಸಾಲಿ ಅವರನ್ನು ನೆನೆಯುವವರು ಕಡಿಮೆ. ಹೊಸ ಘಟಕಕ್ಕೆ ಹೆಚ್ಚು ಅಗತ್ಯವಾದವರು ಅಂಥ ರೊಸಾಲಿಯೇ, ಅಂದರೆ ಕೇರಿಯನ್ನು ಮನೆಮನೆಯಾಗಿ ಬಲ್ಲ ಒಬ್ಬರು.

ಆರಂಭಕ್ಕೆ ಬೇಕಾದ ಸಾಮಗ್ರಿ ತೀರಾ ಸ್ವಲ್ಪ. ವಾರಕ್ಕೊಮ್ಮೆ, ತಪ್ಪಿದರೆ ಹದಿನೈದು ದಿನಕ್ಕೊಮ್ಮೆ, ಒಂದು ಗಂಟೆ ಕುಳಿತುಕೊಳ್ಳಲು ಒಂದು ಕೋಣೆ. ಬೀಗ ಹಾಕಬಹುದಾದ ಒಂದು ಕಪಾಟು. ನಡಾವಳಿಗೆ, ಲೆಕ್ಕಕ್ಕೆ, ಭೇಟಿಯ ವಿವರಗಳಿಗೆ ಎಂದು ಮೂರು ಪುಸ್ತಕಗಳು. ಬಾಯಿಗೆ ದಾರ ಪೋಣಿಸಿದ ಒಂದು ಬಟ್ಟೆಯ ಚೀಲ. ಚೀಲ ಏಕೆಂದು ಎರಡನೆಯ ಹಂತದಲ್ಲಿ ಹೇಳುತ್ತೇನೆ.

1. ಗುರುಗಳ ಒಪ್ಪಿಗೆ ಪಡೆದು ಆರೇಳು ಮಂದಿಯನ್ನು ಕೂಡಿಸಿ

ಮೊದಲು ಧರ್ಮಕೇಂದ್ರದ ಗುರುಗಳನ್ನು ಭೇಟಿಯಾಗಿ ಉದ್ದೇಶವನ್ನು ತಿಳಿಸಿ. ಅವರ ಒಪ್ಪಿಗೆಯಿಲ್ಲದೆ ಘಟಕ ಆರಂಭಿಸಬಾರದು. ಹಾಗೆಂದು ಎಲ್ಲವನ್ನೂ ಅವರ ಮೇಲೆ ಹೊರಿಸುವುದೂ ತಪ್ಪು. ಘಟಕದಲ್ಲಿ ಗುರುಗಳು ಆಧ್ಯಾತ್ಮಿಕ ನಿರ್ದೇಶಕರು. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಈ ನಾಲ್ವರೂ ಶ್ರೀಸಾಮಾನ್ಯರೇ ಆಗಿರಬೇಕು. ಗುರುಗಳಿಗೆ ಕೆಲವು ವರ್ಷಗಳಿಗೊಮ್ಮೆ ವರ್ಗಾವಣೆ ಆಗುತ್ತದೆ. ಒಬ್ಬ ಗುರುಗಳ ಉತ್ಸಾಹದ ಮೇಲೆಯೇ ನಿಂತ ಘಟಕ ಅವರು ಹೊರಟ ವರ್ಷವೇ ಬಾಗಿಲು ಮುಚ್ಚುವ ಸಾಧ್ಯತೆ ಹೆಚ್ಚು.

ಸದಸ್ಯರನ್ನು ಭಾನುವಾರದ ಬಲಿಪೂಜೆಯ (ಚರ್ಚಿನ ಮುಖ್ಯ ಆರಾಧನೆ, ಮಾಸ್) ಕೊನೆಯ ಪ್ರಕಟಣೆಯಲ್ಲಿ ಕರೆಯುವ ಬದಲು ಒಬ್ಬೊಬ್ಬರನ್ನಾಗಿ ಕೇಳಿ. ಪ್ರಕಟಣೆಗೆ ಓಗೊಟ್ಟು ಮೊದಲ ದಿನ 30 ಮಂದಿ ಬಂದು ಮೂರನೆಯ ವಾರ ನಾಲ್ವರು ಉಳಿದರೆ ಆ ನಾಲ್ವರ ಮನಸ್ಸೂ ಕುಗ್ಗುತ್ತದೆ. ಆರೇಳು ಮಂದಿ ಸಾಕು. ಅವರಲ್ಲಿ ಒಬ್ಬರಿಗಾದರೂ ಎಲ್ಲ ವಾರ್ಡ್‌ಗಳ ಪರಿಚಯ ಇರಬೇಕು, ಒಬ್ಬರಿಗೆ ಸರ್ಕಾರಿ ಕಚೇರಿಗಳ ಕಾಗದಪತ್ರದ ಅಭ್ಯಾಸ ಇರಬೇಕು. ಮಹಿಳೆಯರಂತೂ ಇರಲೇಬೇಕು, ಏಕೆಂದರೆ ಹೆಚ್ಚಿನ ಮನೆಗಳಲ್ಲಿ ನಿಜವಾದ ಕಷ್ಟ ಹೊರಬೀಳುವುದು ಅಡುಗೆಮನೆಯ ಬಾಗಿಲಲ್ಲಿ, ಹೆಂಗಸರಿಬ್ಬರು ಮಾತನಾಡುವಾಗ. ಕಾಲೇಜು ವಿದ್ಯಾರ್ಥಿ ಒಬ್ಬರಿದ್ದರೆ ಇನ್ನೂ ಒಳ್ಳೆಯದು. ಇವೆಲ್ಲಕ್ಕಿಂತ ಮೊದಲು ನೋಡಬೇಕಾದ ಗುಣ ಒಂದಿದೆ: ಕೇಳಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಸ್ವಭಾವ. ಎಷ್ಟೇ ಧಾರಾಳಿಯಾದರೂ ಮಾತು ನಿಲ್ಲದವರನ್ನು ಮನೆ ಭೇಟಿಗೆ ಕಳುಹಿಸಬೇಡಿ. ಅವರು ಬೇರೆ ರೀತಿಯಲ್ಲಿ ನೆರವಾಗಲಿ.

ಇದೇ ಹಂತದಲ್ಲಿ ನಿಮ್ಮ ಧರ್ಮಕ್ಷೇತ್ರದ (ಒಬ್ಬ ಬಿಷಪರ ಆಡಳಿತದ ಪ್ರದೇಶ) ಕೇಂದ್ರ ಪರಿಷತ್ತಿಗೆ ಪತ್ರ ಬರೆಯಿರಿ. ವಿಳಾಸ ಗುರುಗಳ ಬಳಿ ಅಥವಾ ಬಿಷಪರ ನಿವಾಸದ ಕಚೇರಿಯಲ್ಲಿ ಸಿಗುತ್ತದೆ. ನಿಯಮಾವಳಿ, ಪ್ರಾರ್ಥನಾ ಪುಸ್ತಕ, ವರದಿಯ ನಮೂನೆಗಳನ್ನು ಅವರಿಂದಲೇ ಪಡೆಯಿರಿ.

2. ಮೊದಲ ಒಂದು ತಿಂಗಳು ಕೇವಲ ಪ್ರಾರ್ಥಿಸಿ, ಓದಿ, ಒಬ್ಬರನ್ನೊಬ್ಬರು ಅರಿಯಿರಿ

ಇದನ್ನು ಓದಿದಾಗ ಕೆಲವರಿಗೆ ಬೇಸರವಾಗಬಹುದು. ಹಸಿದವರು ಕಾದಿರುವಾಗ ಒಂದು ತಿಂಗಳು ಕುಳಿತು ಪ್ರಾರ್ಥಿಸುವುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ತುರ್ತು ಎದುರಾದರೆ ಖಂಡಿತ ಓಡಬೇಕು. ಆದರೆ ಜೊತೆಯಾಗಿ ಪ್ರಾರ್ಥಿಸದ ಆರು ಮಂದಿ ಒಂದು ಕುಟುಂಬದ ವಿಷಯದಲ್ಲಿ ಒಮ್ಮತಕ್ಕೆ ಬರುವುದು ಕಷ್ಟ, ಮತ್ತು ಮೊದಲ ಭಿನ್ನಾಭಿಪ್ರಾಯದಲ್ಲೇ ಗುಂಪು ಒಡೆಯುವುದುಂಟು. ನಾಲ್ಕು ವಾರದ ಈ ಅಭ್ಯಾಸ ಮುಂದಿನ ಹಲವು ವರ್ಷಗಳಿಗೆ ಅಡಿಪಾಯವಾಗುತ್ತದೆ.

ಸಭೆಯ ಕ್ರಮ ಹೀಗಿರಲಿ. ಪವಿತ್ರಾತ್ಮರಿಗೆ ಪ್ರಾರ್ಥನೆ, ಪರಲೋಕ ಪ್ರಾರ್ಥನೆ, ನಮೋ ಮರಿಯಾ, ತ್ರಿತ್ವ ಸ್ತೋತ್ರ. ಬಳಿಕ ಶುಭಸಂದೇಶದಿಂದ ಒಂದು ಚಿಕ್ಕ ಭಾಗದ ವಾಚನ, ಎರಡು ನಿಮಿಷದ ಮೌನ, ಇಷ್ಟವಿದ್ದವರಿಂದ ನಾಲ್ಕು ಮಾತು. ಆಮೇಲೆ ಹಿಂದಿನ ಸಭೆಯ ನಡಾವಳಿ, ಖಜಾಂಚಿಯ ಲೆಕ್ಕ, ಭೇಟಿಗಳ ವರದಿ, ಹೊಸ ಕೋರಿಕೆಗಳ ಪರಿಶೀಲನೆ. ಕೊನೆಗೆ ಗೋಪ್ಯ ಕಾಣಿಕೆ ಮತ್ತು ಮುಕ್ತಾಯದ ಪ್ರಾರ್ಥನೆ. ಮೊದಲ ತಿಂಗಳ ವಾಚನಕ್ಕೆ ನಾನು ಸೂಚಿಸುವ ಭಾಗಗಳು ಇವು: ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದ ಕೊನೆಯ ತೀರ್ಪಿನ ಭಾಗ, ಲೂಕನ ಶುಭಸಂದೇಶದ 10ನೆಯ ಅಧ್ಯಾಯದ ಸಮಾರಿಯದವನ ಸಾಮತಿ (ನೀತಿಕಥೆ), ಯಕೋಬನ ಪತ್ರದ 2ನೆಯ ಅಧ್ಯಾಯ, ಪ್ರೇಷಿತರ ಕಾರ್ಯಕಲಾಪಗಳ 6ನೆಯ ಅಧ್ಯಾಯ. ಕೊನೆಯದನ್ನು ವಿಶೇಷವಾಗಿ ಗಮನಿಸಿ. ದಿನನಿತ್ಯದ ಹಂಚಿಕೆಯಲ್ಲಿ ಗ್ರೀಕ್ ಭಾಷೆಯ ವಿಧವೆಯರನ್ನು ಕಡೆಗಣಿಸಲಾಗಿದೆ ಎಂಬ ದೂರು ಎದ್ದದ್ದು, ಅದನ್ನು ಸರಿಪಡಿಸಲು ಏಳು ಮಂದಿಯನ್ನು ಆರಿಸಿದ್ದು ಅಲ್ಲಿದೆ. ಹಂಚಿಕೆಯಲ್ಲಿ ತಾರತಮ್ಯದ ದೂರು ಬರುವುದು ಆದಿ ಸಭೆಯಷ್ಟೇ ಹಳೆಯದು. ನಿಮ್ಮ ಘಟಕಕ್ಕೂ ಬರುತ್ತದೆ. ಬಂದಾಗ ಗದರದೆ ಕೇಳಿಸಿಕೊಳ್ಳಿ.

ಗೋಪ್ಯ ಕಾಣಿಕೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬಟ್ಟೆಯ ಚೀಲವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಾರೆ. ಪ್ರತಿಯೊಬ್ಬರೂ ಮುಷ್ಟಿ ಬಿಗಿಹಿಡಿದು ಕೈಯನ್ನು ಚೀಲದ ಒಳಗೆ ಇಳಿಸಿ, ಒಳಗೇ ಬಿಚ್ಚಿ, ಹೊರತೆಗೆಯುತ್ತಾರೆ. 500 ರೂಪಾಯಿಯ ನೋಟು ಹಾಕಿದವರೂ, ಆ ವಾರ ಏನೂ ಇಲ್ಲದೆ ಬರಿಗೈ ಇಳಿಸಿದವರೂ, ನೋಡುವವರ ಕಣ್ಣಿಗೆ ಒಂದೇ. ಬಲಗೈ ಮಾಡಿದ್ದು ಎಡಗೈಗೆ ತಿಳಿಯಬಾರದೆಂಬ ಕ್ರಿಸ್ತರ ಮಾತನ್ನು ಇಷ್ಟು ಸರಳವಾಗಿ ಆಚರಣೆಗೆ ತಂದ ಇನ್ನೊಂದು ಪದ್ಧತಿ ನನಗೆ ಗೊತ್ತಿಲ್ಲ. ದಯವಿಟ್ಟು ಇದನ್ನು ಮಾಸಿಕ ಚಂದಾ ಆಗಿ ಬದಲಾಯಿಸಬೇಡಿ, ಕ್ಯೂಆರ್ ಕೋಡ್ ಇಟ್ಟು ಮೊಬೈಲ್‌ನಲ್ಲಿ ಕಳುಹಿಸಲು ಹೇಳಬೇಡಿ. ಚಂದಾ ಬಂದ ದಿನ ಬಡ ಸದಸ್ಯರು ಸಭೆಗೆ ಬರಲು ಹಿಂಜರಿಯುತ್ತಾರೆ, ಮತ್ತು ಬಡವರಿಗಾಗಿ ಕೂಡಿದ ಗುಂಪಿನಲ್ಲಿ ಬಡವರೇ ಇಲ್ಲದಂತಾಗುತ್ತದೆ.

ಪ್ರಾರ್ಥನೆಯ ವಿಷಯದಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪುಗಳು ಎರಡು. ಪ್ರಾರ್ಥನೆಯನ್ನು ಶಾಲೆಯ ಹಾಜರಿಯಂತೆ ಓಡಿಸಿ ಲೆಕ್ಕಪತ್ರಕ್ಕೆ ಧಾವಿಸುವುದು ಒಂದು. ಗಂಟೆಗಟ್ಟಲೆ ಜಪಸರ, ಗಾಯನ, ಸಾಕ್ಷ್ಯಗಳಲ್ಲಿ ಮುಳುಗಿ, ಮುಂದಿನ ವಾರ ಯಾವ ಮನೆಗೆ ಯಾರು ಹೋಗಬೇಕೆಂದು ಗೊತ್ತುಮಾಡದೆಯೇ ಏಳುವುದು ಇನ್ನೊಂದು. ಹೊಟ್ಟೆಗೆ ಬಟ್ಟೆಗೆ ಇಲ್ಲದವರಿಗೆ ಸಮಾಧಾನದಿಂದ ಹೋಗಿ ಎಂದಷ್ಟೇ ಹೇಳಿ ಕಳುಹಿಸುವುದರಿಂದ ಏನು ಪ್ರಯೋಜನ ಎಂದು ಯಕೋಬನು ಕೇಳುವುದು ಈ ಎರಡನೆಯ ಗುಂಪನ್ನೇ. ಪ್ರಾರ್ಥನೆ ಮತ್ತು ವಾಚನಕ್ಕೆ 20 ನಿಮಿಷ ಮೀಸಲಿಡಿ, ಅದರಲ್ಲಿ ಒಂದು ನಿಮಿಷವನ್ನೂ ಕದಿಯಬೇಡಿ.

3. ಕುಟುಂಬಗಳನ್ನು ಹುಡುಕಿಕೊಂಡು ಹೋಗಿ

ಅರ್ಜಿ ನಮೂನೆ ಅಚ್ಚು ಹಾಕಿಸಿ, ಚರ್ಚಿನ ಕಚೇರಿಯಲ್ಲಿಟ್ಟು ಕಾಯಬೇಡಿ. ಕೇಳಿ ಅಭ್ಯಾಸವಿದ್ದವರು ಬರುತ್ತಾರೆ, ಕೇಳಲು ನಾಚುವವರು ಬರುವುದಿಲ್ಲ. ಹೆಚ್ಚು ಕಷ್ಟದಲ್ಲಿರುವವರು ಹೆಚ್ಚಾಗಿ ಎರಡನೆಯ ಗುಂಪಿನವರು. ವಾರ್ಡ್ ಮುಖ್ಯಸ್ಥರನ್ನು (ಕರಾವಳಿಯಲ್ಲಿ ಇವರು ಗುರ್ಕಾರರು), ಕಾನ್ವೆಂಟಿನ ಸಿಸ್ಟರುಗಳನ್ನು, ಶಾಲೆಯ ಶಿಕ್ಷಕರನ್ನು, ಆಶಾ ಕಾರ್ಯಕರ್ತೆಯರನ್ನು ಕೇಳಿ. ಕಿರಾಣಿ ಅಂಗಡಿಯವರಿಗೆ ಯಾರ ಸಾಲದ ಪುಟ ಉದ್ದವಾಗುತ್ತಿದೆ ಎಂದು ಗೊತ್ತಿರುತ್ತದೆ. ಕೆಲವು ತಿಂಗಳಿಂದ ಬಲಿಪೂಜೆಗೆ ಕಾಣದ ಮುಖಗಳನ್ನೂ ನೆನಪಿಸಿಕೊಳ್ಳಿ. ಹಾಸಿಗೆ ಹಿಡಿದವರು ಅಥವಾ ಉಡಲು ನೆಟ್ಟಗಿನ ಬಟ್ಟೆಯಿಲ್ಲವೆಂದು ಬಾರದವರು ಅವರಲ್ಲಿರಬಹುದು.

ನೆರವು ಕಥೋಲಿಕರಿಗೆ ಮಾತ್ರವೇ ಎಂದು ಹಲವರು ಕೇಳುತ್ತಾರೆ. ಅಲ್ಲ. ಜಾತಿ, ಧರ್ಮ, ಭಾಷೆ ನೋಡದೆ ಅಗತ್ಯವನ್ನಷ್ಟೇ ನೋಡಬೇಕೆಂಬುದು ಸಭೆಯ ನಿಯಮ. ಆದರೆ ಕೈಗೆಟುಕಿದಷ್ಟೇ ಒಪ್ಪಿಕೊಳ್ಳಿ. ಒಂದು ಜೋಡಿಗೆ ಎರಡು, ಹೆಚ್ಚೆಂದರೆ ಮೂರು ಕುಟುಂಬ. ಹೊಸ ಘಟಕ ಮೊದಲ ವರ್ಷ ಆರು ಕುಟುಂಬಗಳನ್ನು ಸರಿಯಾಗಿ ನೋಡಿಕೊಂಡರೆ ಅದು ದೊಡ್ಡ ಕೆಲಸ.

4. ಮನೆ ಭೇಟಿ: ಇಬ್ಬರಾಗಿ ಹೋಗಿ, ಕುಳಿತು ಕೇಳಿ

ಇಡೀ ಸೇವೆಯ ತಿರುಳು ಇದೇ. ಯಾವಾಗಲೂ ಇಬ್ಬರು ಹೋಗಬೇಕು, ಸಾಧ್ಯವಾದರೆ ಒಬ್ಬ ಮಹಿಳೆ ಜೊತೆಗಿರಲಿ. ಒಬ್ಬರು ಗಮನಿಸದ್ದನ್ನು ಇನ್ನೊಬ್ಬರು ಗಮನಿಸುತ್ತಾರೆ, ಮುಂದೆ ಮಾತು ಬಂದರೆ ಸಾಕ್ಷಿಯೂ ಇರುತ್ತದೆ. ಒಂಟಿಯಾಗಿ ಯಾವ ಮನೆಗೂ ಹೋಗಬೇಡಿ. ಮಕ್ಕಳಷ್ಟೇ ಇರುವ ಮನೆಯಲ್ಲಿ ಇಬ್ಬರಿದ್ದರೂ ಒಳಗೆ ಕೂರಬೇಡಿ, ದೊಡ್ಡವರಿರುವ ಹೊತ್ತಿಗೆ ಮತ್ತೆ ಹೋಗಿ. ಹೊರಡುವ ಮುನ್ನ ಚರ್ಚಿನಲ್ಲಿಯೋ ದಾರಿಯಲ್ಲಿಯೋ ಇಬ್ಬರೂ ನಿಂತು ಒಂದು ನಮೋ ಮರಿಯಾ ಹೇಳಿಕೊಳ್ಳಿ.

ಹೊಸ್ತಿಲಲ್ಲಿ ನಿಂತು "ಒಳಗೆ ಬರಬಹುದೇ?" ಎಂದು ಕೇಳಿ. ಅಜ್ಜಿ, ಅಮ್ಮ, ಅಣ್ಣ ಎಂದು ಕರೆಯಿರಿ. ಎಷ್ಟೇ ಬಡವರಾದರೂ, ಎಷ್ಟೇ ಕಿರಿಯರಾದರೂ ನೀವು ಎನ್ನಿ. ಕೊಟ್ಟಲ್ಲಿ ಕೂರಿ. ನೆಲದ ಮೇಲೆ ಚಾಪೆ ಹಾಸಿದರೆ ಚಾಪೆಯ ಮೇಲೆ ಕೂರಿ. ಚಹಾ ಕೊಟ್ಟರೆ ಕುಡಿಯಿರಿ. ಅವರಿಗೆ ಕಷ್ಟವಾದೀತು ಎಂದು ನಿರಾಕರಿಸುವುದು ಅವರ ಮನಸ್ಸಿಗೆ ನೋವು ತರುತ್ತದೆ. ಮೊದಲ ಭೇಟಿಯಲ್ಲಿ ಸಂಪಾದನೆ ಎಷ್ಟು, ಸಾಲ ಎಷ್ಟು, ಮಗ ಏಕೆ ನೋಡುವುದಿಲ್ಲ ಎಂಬ ಪ್ರಶ್ನೆಗಳನ್ನು ಕೇಳಬೇಡಿ. ಗೋಡೆಯ ಮೇಲಿನ ಫೋಟೋ ಯಾರದು, ಊರು ಯಾವುದು, ಮಗು ಎಷ್ಟನೆಯ ತರಗತಿ ಎಂಬಲ್ಲಿಂದ ಮಾತು ತಾನಾಗಿ ಬೆಳೆಯುತ್ತದೆ.

ಕೇಳುವುದಕ್ಕಿಂತ ನೋಡುವುದರಿಂದ ಹೆಚ್ಚು ತಿಳಿಯುತ್ತದೆ. ಒಮ್ಮೆ ಒಬ್ಬ ಅಜ್ಜಿಯ ಮನೆಯಲ್ಲಿ ಕಿಟಕಿಯ ಅಂಚಿನಲ್ಲಿ ರಕ್ತದೊತ್ತಡದ ಮಾತ್ರೆಯ ಹಾಳೆ ಇತ್ತು. ಹದಿನೈದು ದಿನದ ಹಿಂದೆ ತಂದದ್ದರಲ್ಲಿ ಏಳೆಂಟು ಮಾತ್ರೆ ಮಾತ್ರ ಖಾಲಿಯಾಗಿದ್ದವು, ಮತ್ತು ಹಾಳೆಯ ಒಂದು ಮೂಲೆಯಲ್ಲಿ ಅರ್ಧ ಮುರಿದ ಮಾತ್ರೆಯೊಂದನ್ನು ಕಾಗದದಲ್ಲಿ ಸುತ್ತಿ ಸಿಕ್ಕಿಸಿಟ್ಟಿದ್ದರು. ಔಷಧಿ ಇದೆಯೇ ಎಂದು ಕೇಳಿದ್ದಕ್ಕೆ ಅವರು "ಇದೆ ಮಗಾ" ಎಂದೇ ಹೇಳಿದ್ದರು. ನಮ್ಮ ಜೊತೆ ಬಂದಿದ್ದವರು ಆ ಹಾಳೆಯನ್ನು ಗಮನಿಸದಿದ್ದರೆ ನಾವು ಐದು ಕಿಲೋ ಅಕ್ಕಿ ಕೊಟ್ಟು ಬಂದುಬಿಡುತ್ತಿದ್ದೆವು. ಅವರಿಗೆ ಬೇಕಾದದ್ದು ತಿಂಗಳ ಪೂರ್ತಿ ಮಾತ್ರೆ. ಅದು ಜನೌಷಧಿ ಕೇಂದ್ರದಲ್ಲಿ ಅವರು ಕೊಡುತ್ತಿದ್ದ ಬೆಲೆಗಿಂತ ಬಹಳ ಕಡಿಮೆಗೆ ಸಿಕ್ಕಿತು.

ಪ್ರಾರ್ಥನೆಯ ವಿಷಯದಲ್ಲಿ ಬಹಳ ಎಚ್ಚರ ಬೇಕು. ಕಥೋಲಿಕ ಮನೆಯಾದರೆ, ಹೊರಡುವ ಮುನ್ನ "ಒಟ್ಟಿಗೆ ಒಂದು ಪ್ರಾರ್ಥನೆ ಹೇಳೋಣವೇ?" ಎಂದು ಕೇಳಿ, ಒಪ್ಪಿದರೆ ಚಿಕ್ಕದಾಗಿ ಹೇಳಿ. ಹಾಸಿಗೆ ಹಿಡಿದವರಿದ್ದರೆ ಪರಮಪ್ರಸಾದ ಬೇಕೇ, ಪಾಪನಿವೇದನೆಗೆ ಅಥವಾ ರೋಗಿಗಳ ಅಭ್ಯಂಗಕ್ಕೆ (ಎಣ್ಣೆ ಹಚ್ಚಿ ಪ್ರಾರ್ಥಿಸುವ ಸಂಸ್ಕಾರ) ಗುರುಗಳು ಬರಬೇಕೇ ಎಂದು ವಿಚಾರಿಸಿ ಗುರುಗಳಿಗೆ ತಿಳಿಸಿ. ಇದು ನೆರವಿನ ಒಂದು ಮುಖ್ಯ ಭಾಗ. ಅನ್ಯಧರ್ಮೀಯರ ಮನೆಯಲ್ಲಿ ಪ್ರಾರ್ಥನೆಯ ಮಾತು ನಿಮ್ಮಿಂದ ಮೊದಲು ಬರಬಾರದು. ಅಲ್ಲಿ ಪ್ರಾರ್ಥನಾ ಚೀಟಿ, ಪದಕ, ಸುವಾರ್ತೆಯ ಪುಸ್ತಿಕೆ ಯಾವುದನ್ನೂ ಕೊಡಬೇಡಿ. ಅವರಿಗಾಗಿ ನಿಮ್ಮ ಸಭೆಯಲ್ಲಿ, ನಿಮ್ಮ ಮನೆಯಲ್ಲಿ ಪ್ರಾರ್ಥಿಸಿ. ಇದನ್ನು ಕೇವಲ ಕಾನೂನಿನ ಭಯದಿಂದ ಹೇಳುತ್ತಿಲ್ಲ. ಬಡವರ ಅಸಹಾಯಕತೆಯನ್ನು ಬಳಸಿ ನಂಬಿಕೆಯ ಕಡೆಗೆ ಸೆಳೆಯುವುದು ತಪ್ಪೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲೇ ಸಾರಿತು. ದಾನವನ್ನು ಬೇರೊಂದು ಗುರಿ ಸಾಧಿಸುವ ಉಪಾಯವಾಗಿ ಮಾಡಬಾರದೆಂದು ಹದಿನಾರನೆಯ ಬೆನೆಡಿಕ್ಟ್ ಜಗದ್ಗುರುಗಳು (ಪೋಪ್) ತಮ್ಮ ಮೊದಲ ವಿಶ್ವಪರಿಪತ್ರದಲ್ಲಿ ಸ್ಪಷ್ಟವಾಗಿ ಬರೆದರು.

ಭೇಟಿಯಲ್ಲಿ ಮಾಡಲೇಬಾರದ ಎರಡು ಕೆಲಸಗಳಿವೆ. ಸ್ಥಳದಲ್ಲೇ ಯಾವ ಭರವಸೆಯನ್ನೂ ಕೊಡಬೇಡಿ; "ಸಭೆಯಲ್ಲಿ ಮಾತನಾಡಿ ಇಂಥ ದಿನ ಬಂದು ತಿಳಿಸುತ್ತೇವೆ" ಎನ್ನಿ, ಮತ್ತು ಹೇಳಿದ ದಿನ ಹೋಗಿ. ಎರಡನೆಯದಾಗಿ, ಫೋಟೋ ತೆಗೆಯಬೇಡಿ. ಅಕ್ಕಿಯ ಚೀಲದ ಒಂದು ತುದಿ ಕೊಡುವವರ ಕೈಯಲ್ಲಿ, ಇನ್ನೊಂದು ತುದಿ ಪಡೆಯುವವರ ಕೈಯಲ್ಲಿ, ನಡುವೆ ನಾಲ್ಕು ಮುಖಗಳ ನಗು: ಇಂಥ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ. ಆ ಮನೆಯ ಮಗು ಮರುದಿನ ಶಾಲೆಗೆ ಹೋಗಬೇಕು. ದಾನಿಗಳು ಪುರಾವೆ ಕೇಳಿದರೆ ರಸೀದಿ ತೋರಿಸಿ.

5. ಸಭೆಯಲ್ಲಿ ನಿರ್ಧರಿಸಿ, ಅಳತೆಯಿಂದ ಕೊಡಿ

1617ರಲ್ಲಿ ಫ್ರಾನ್ಸಿನ ಶಾತಿಯೋಂ ಎಂಬ ಊರಿನಲ್ಲಿ, ಈ ಸಭೆ ಯಾರ ಹೆಸರು ಹೊತ್ತಿದೆಯೋ ಆ ಗುರು ವಿನ್ಸೆಂಟರು ಬಲಿಪೂಜೆಗೆ ಸಿದ್ಧರಾಗುತ್ತಿದ್ದಾಗ, ಊರ ಹೊರಗಿನ ಒಂದು ಮನೆಯಲ್ಲಿ ಎಲ್ಲರೂ ಕಾಯಿಲೆ ಬಿದ್ದಿದ್ದಾರೆಂಬ ಸುದ್ದಿ ಬಂತು. ಪ್ರಬೋಧನೆಯಲ್ಲಿ ಅವರು ಅದನ್ನು ತಿಳಿಸಿದರು. ಮಧ್ಯಾಹ್ನ ತಾವೇ ಆ ಮನೆಗೆ ಹೊರಟಾಗ ದಾರಿಯುದ್ದಕ್ಕೂ ಆಹಾರ ಕೊಟ್ಟು ಮರಳುತ್ತಿದ್ದ ಜನರೇ ಕಂಡರು. ಇವತ್ತು ಬೇಕಾದ್ದಕ್ಕಿಂತ ಹೆಚ್ಚು ಬಂದಿದೆ, ಒಂದಿಷ್ಟು ಕೆಟ್ಟುಹೋಗುತ್ತದೆ, ನಾಳೆ ಮತ್ತೆ ಹಸಿವು ಎಂಬುದು ಅವರಿಗೆ ಹೊಳೆಯಿತು. ಆಗ ಅವರು ಊರಿನ ಮಹಿಳೆಯರನ್ನು ಕೂಡಿಸಿ, ಸರದಿಯಂತೆ ದಿನಕ್ಕೊಬ್ಬರು ಅಡುಗೆ ಮಾಡಿ ಒಯ್ಯುವ ಏರ್ಪಾಡು ಮಾಡಿದರು. ಕ್ರಿಸ್ಮಸ್ಸಿನ ವಾರ ಒಂದೇ ಮನೆಗೆ ನಾಲ್ಕು ಕೇಕು, ಜೂನ್ ತಿಂಗಳ ಮಳೆಯಲ್ಲಿ ಯಾರೂ ಇಲ್ಲ ಎಂಬ ನಮ್ಮ ಇಂದಿನ ಸ್ಥಿತಿಗೂ ಅದೇ ಮದ್ದು. ಮೊದಲು ತಿಂಗಳವಾರು ಒಂದು ಪಟ್ಟಿ ಮಾಡಿ. ಮಳೆಗಾಲದ ಮೂರು ತಿಂಗಳು ಮತ್ತು ಶಾಲೆ ತೆರೆಯುವ ತಿಂಗಳಿಗೆ ಹೆಚ್ಚು ಮೀಸಲಿಡಿ.

ಪ್ರತಿ ಕುಟುಂಬದ ವಿಷಯದಲ್ಲೂ ಮೂರು ಪ್ರಶ್ನೆ ಕೇಳಿಕೊಳ್ಳಿ: ಈಗಲೇ ಬೇಕಾದದ್ದೇನು, ಮೂರು ತಿಂಗಳಲ್ಲಿ ಬದಲಾಗಬಹುದಾದದ್ದೇನು, ಅವರಿಗೆ ಹಕ್ಕಿನಿಂದ ಸಿಗಬೇಕಾದದ್ದು ಏನಾದರೂ ಬಾಕಿ ಇದೆಯೇ? ಮೂರನೆಯದನ್ನು ಬಹಳ ಘಟಕಗಳು ಮರೆಯುತ್ತವೆ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲರ ವೇತನ, ಬಿಪಿಎಲ್ ಪಡಿತರ ಚೀಟಿ, ಆಸ್ಪತ್ರೆಗೆ ಆಯುಷ್ಮಾನ್ ಕಾರ್ಡ್ ಇವೆಲ್ಲ ಇವೆಯೇ ಎಂದು ನೋಡಿ. ಆಧಾರಿನಲ್ಲಿ ಒಂದು ಹೆಸರು, ಜ್ಞಾನಸ್ನಾನದ ಪ್ರಮಾಣಪತ್ರದಲ್ಲಿ ಇನ್ನೊಂದು, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಎಂಬ ಒಂದೇ ಕಾರಣಕ್ಕೆ ವೇತನ ಸಿಗದೆ ಕುಳಿತವರು ನಮ್ಮಲ್ಲಿ ಎಷ್ಟೋ ಮಂದಿ. ಅವರ ಜೊತೆ ನಾಡಕಚೇರಿಗೆ ಎರಡು ಬಾರಿ ಹೋಗಿಬರುವುದು ವರ್ಷವಿಡೀ ಕಿಟ್ ಕೊಡುವುದಕ್ಕಿಂತ ದೊಡ್ಡ ನೆರವು.

ಶಾಲಾ ಶುಲ್ಕವನ್ನು ಶಾಲೆಗೆ, ಬಾಡಿಗೆಯನ್ನು ಮನೆ ಮಾಲೀಕರಿಗೆ, ಔಷಧಿಯ ಹಣವನ್ನು ಅಂಗಡಿಗೆ ನೇರವಾಗಿ ಕಟ್ಟುವುದು ಲೆಕ್ಕಕ್ಕೆ ಅನುಕೂಲ. ಆದರೆ ಅದನ್ನು ಕಬ್ಬಿಣದ ನಿಯಮ ಮಾಡಬೇಡಿ. ತನ್ನ ಕೈಯಿಂದಲೇ ಮಗಳ ಶುಲ್ಕ ಕಟ್ಟಬೇಕೆಂಬ ತಾಯಿಯ ಆಸೆಗೂ ಬೆಲೆಯಿದೆ. ಸಾಲ ಮಾತ್ರ ಕೊಡಬೇಡಿ. ತೀರಿಸಲಾಗದವರು ನಿಮ್ಮನ್ನು ಕಂಡರೆ ದಾರಿ ಬದಲಿಸುತ್ತಾರೆ, ಭೇಟಿ ಅಲ್ಲಿಗೆ ನಿಲ್ಲುತ್ತದೆ. ಮೂರು ತಿಂಗಳಿಗೊಮ್ಮೆ ಪ್ರತಿ ಕುಟುಂಬದ ನೆರವನ್ನು ಮರುಪರಿಶೀಲಿಸಿ. ನೆರವು ನಿಂತ ಮೇಲೂ ಭೇಟಿ ನಿಲ್ಲಿಸಬೇಡಿ.

6. ಹಣ ಮತ್ತು ಲೆಕ್ಕ

ಹಣದ ಮೂಲಗಳು ಗೋಪ್ಯ ಕಾಣಿಕೆ, ಚರ್ಚಿನ ಬಾಗಿಲ ಬಳಿಯ ಬಡವರ ಪೆಟ್ಟಿಗೆ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಉಳಿತಾಯ, ಮದುವೆ ಅಥವಾ ವರ್ಷಾಂತಿಕದ ನೆನಪಿಗೆ ಕುಟುಂಬಗಳು ಕೊಡುವ ದಾನ. ಬ್ಯಾಂಕ್ ಖಾತೆ ಘಟಕದ ಹೆಸರಿನಲ್ಲಿರಲಿ, ಇಬ್ಬರ ಸಹಿ ಕಡ್ಡಾಯವಾಗಿರಲಿ. ಖಜಾಂಚಿಯ ಸ್ವಂತ ಫೋನ್‌ಪೇಗೆ ದಾನ ಹಾಕಿಸಿಕೊಳ್ಳುವುದು ಎಷ್ಟು ಸಲೀಸಾದರೂ ಬೇಡ. ಪ್ರಾಮಾಣಿಕರ ಮೇಲೆಯೇ ಅನುಮಾನ ಬಂದು ಸಭೆ ಒಡೆದದ್ದನ್ನು ನಾನು ನೋಡಿದ್ದೇನೆ. ದೊಡ್ಡ ಮೊತ್ತದ ಕಾಣಿಕೆಯನ್ನು ಜೆರುಸಲೇಮಿಗೆ ಒಯ್ಯುವಾಗ ಯಾರೂ ತಪ್ಪು ಹೊರಿಸದಂತೆ ದೇವರ ಮುಂದೆ ಮಾತ್ರವಲ್ಲ, ಜನರ ಮುಂದೆಯೂ ಸರಿಯಾಗಿ ನಡೆದುಕೊಳ್ಳುತ್ತೇವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದದ್ದನ್ನು ಖಜಾಂಚಿಗಳು ಆಗಾಗ ಓದಿಕೊಳ್ಳಲಿ.

ಕಾನೂನಿನ ಎರಡು ವಿಷಯಗಳನ್ನು ಗಮನದಲ್ಲಿಡಿ. 80ಜಿ ಎಂಬುದು ದಾನಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡುವ ನೋಂದಣಿ. ಅದು ನಿಮ್ಮ ಸಂಸ್ಥೆಗೆ ಇದ್ದರೆ ಮಾತ್ರ ಹಾಗೆಂದು ಹೇಳಿ. ಇದ್ದರೂ 2000 ರೂಪಾಯಿ ಮೀರಿದ ನಗದು ದಾನಕ್ಕೆ ಆ ವಿನಾಯಿತಿ ಸಿಗುವುದಿಲ್ಲ. ಇನ್ನೊಂದು ವಿದೇಶಿ ದೇಣಿಗೆ. ಗಲ್ಫಿನಲ್ಲಿ ದುಡಿಯುವ ನಮ್ಮವರು, ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು, ಸ್ವಂತ ಸಂಪಾದನೆಯಿಂದ ಬ್ಯಾಂಕ್ ಮೂಲಕ ಕಳುಹಿಸುವ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಆದರೆ ಬೇರೆ ದೇಶದ ಪೌರತ್ವ ಪಡೆದವರು, ಒಸಿಐ (ಸಾಗರೋತ್ತರ ಭಾರತೀಯ) ಕಾರ್ಡ್ ಇದ್ದರೂ, ನಿಮ್ಮ ಸ್ವಂತ ಅಣ್ಣನೇ ಆಗಿದ್ದರೂ, ಘಟಕಕ್ಕೆ ಕೊಡುವ ಹಣ ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ, ನೋಂದಣಿಯಿಲ್ಲದೆ ಅದನ್ನು ಪಡೆಯಬಾರದು. ಅಂಥ ಕೊಡುಗೆ ಬರುವ ಸೂಚನೆ ಇದ್ದರೆ ಮೊದಲು ಕೇಂದ್ರ ಪರಿಷತ್ತನ್ನು ಕೇಳಿ.

ಬಂದ ಹಣವನ್ನು ಠೇವಣಿಯಾಗಿ ಬೆಳೆಸುವ ಆಸೆಯೂ ಬೇಡ. ಒಂದೆರಡು ತಿಂಗಳ ತುರ್ತಿಗೆ ಬೇಕಾದಷ್ಟು ಉಳಿಸಿ, ಮಿಕ್ಕದ್ದು ಬಡವರಿಗೆ ಹೋಗಲಿ. ನಿಮ್ಮಲ್ಲಿ ಮಿಕ್ಕರೆ ಬಡ ಧರ್ಮಕೇಂದ್ರವೊಂದರ ಘಟಕಕ್ಕೆ ಕಳುಹಿಸಿ.

7. ಗುಟ್ಟು ಕಾಯುವ ಏರ್ಪಾಡು

ನಡಾವಳಿಯಲ್ಲಿ ಕುಟುಂಬದ ಹೆಸರಿನ ಬದಲು ಸಂಖ್ಯೆ ಬರೆಯಿರಿ. ಹೆಸರು ಮತ್ತು ಸಂಖ್ಯೆಯ ಪಟ್ಟಿ ಒಂದೇ ಪ್ರತಿಯಾಗಿ ಕಪಾಟಿನೊಳಗಿರಲಿ. ವಾಟ್ಸ್‌ಆಪ್ ಗುಂಪಿನಲ್ಲಿ ಸಭೆಯ ಸಮಯವನ್ನಷ್ಟೇ ತಿಳಿಸಿ. ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ "ನಮ್ಮ ನೆರವು ಪಡೆಯುತ್ತಿರುವ ಇಂಥವರಿಗಾಗಿ" ಎಂದು ಯಾರ ಹೆಸರನ್ನೂ ಹೇಳಬೇಡಿ. ಪ್ರಾರ್ಥನೆಯ ನೆಪದಲ್ಲಿ ಹರಡುವ ಸುದ್ದಿಯನ್ನು ತಡೆಯುವುದು ಹೆಚ್ಚು ಕಷ್ಟ.

8. ಘಟಕ ನಿಲ್ಲದಂತೆ ನೋಡಿಕೊಳ್ಳುವುದು

ಕೆಲಕಾಲ ಕ್ರಮವಾಗಿ ನಡೆದ ಘಟಕಕ್ಕೆ ಮಹಾಪರಿಷತ್ತು ಅಗ್ರಿಗೇಷನ್ ಎಂಬ ಮಾನ್ಯತೆ ಕೊಡುತ್ತದೆ; ಕೇಂದ್ರ ಪರಿಷತ್ತಿನ ಮೂಲಕ ಅದಕ್ಕೆ ಕೋರಿಕೆ ಸಲ್ಲಿಸಿ. ವರ್ಷದಲ್ಲಿ ಕೆಲವು ದಿನಗಳನ್ನು ಒಟ್ಟಾಗಿ ಆಚರಿಸಿ: ಸೆಪ್ಟೆಂಬರ್ 9 ಓಝನಾಮ್ ಅವರ ಸ್ಮರಣೆ, ಸೆಪ್ಟೆಂಬರ್ 27 ಸಂತ ವಿನ್ಸೆಂಟರ ಹಬ್ಬ, ಅಗಲಿದ ಸದಸ್ಯರಿಗೂ ಅಗಲಿದ ಬಡವರಿಗೂ ನವೆಂಬರಿನಲ್ಲಿ ಬಲಿಪೂಜೆ. 2017ರಿಂದ ಫ್ರಾನ್ಸಿಸ್ ಜಗದ್ಗುರುಗಳು ನವೆಂಬರಿನಲ್ಲೇ ಬಡವರ ವಿಶ್ವದಿನವನ್ನು ಆರಂಭಿಸಿದರು. ಅಂದು ಊಟ ಏರ್ಪಡಿಸುವುದಾದರೆ ಸದಸ್ಯರು ಬಡಿಸುವ ಸಾಲಿನಲ್ಲಿ ಮಾತ್ರ ನಿಲ್ಲದೆ ಪಂಕ್ತಿಯಲ್ಲಿ ಜೊತೆಗೆ ಕುಳಿತು ಉಣ್ಣಲಿ.

ಪದಾಧಿಕಾರಿಗಳು ಅವಧಿ ಮುಗಿದ ಮೇಲೆ ಸ್ಥಾನ ಬಿಟ್ಟುಕೊಡಲಿ. ಒಬ್ಬರೇ 15 ವರ್ಷ ಅಧ್ಯಕ್ಷರಾಗಿದ್ದರೆ ಕಿರಿಯರು ಹತ್ತಿರ ಬರುವುದಿಲ್ಲ. ಹೊಸಬರನ್ನು ಮೊದಲ ಆರು ಭೇಟಿಗಳಿಗೆ ಅನುಭವಿಗಳ ಜೊತೆಗೇ ಕಳುಹಿಸಿ. ನೀವು ನೋಡಿಕೊಳ್ಳುವ ಕುಟುಂಬದಲ್ಲಿ ಸಾವು ಸಂಭವಿಸಿದರೆ ಘಟಕದವರೆಲ್ಲರೂ ಹೋಗಿ, ಶವಪೆಟ್ಟಿಗೆ ಮತ್ತು ಸಮಾಧಿಯ ಖರ್ಚು ವಿಚಾರಿಸಿ, ಏಳನೆಯ ದಿನದ ಬಲಿಪೂಜೆಗೂ ಹಾಜರಿರಿ.

ಸದಸ್ಯರು ಕಡಿಮೆಯಾಗಿ ಇಬ್ಬರೇ ಉಳಿದ ಕಾಲವೂ ಬರಬಹುದು. ಆಗ ಹೊಸ ಕೋರಿಕೆಗಳನ್ನು ತೆಗೆದುಕೊಳ್ಳಬೇಡಿ, ಇರುವ ಕುಟುಂಬಗಳಲ್ಲಿ ಹೆಚ್ಚು ಕಷ್ಟದಲ್ಲಿರುವ ಎರಡನ್ನು ಉಳಿಸಿಕೊಂಡು ಮಿಕ್ಕವರ ವಿವರವನ್ನು ಪಕ್ಕದ ಘಟಕಕ್ಕೆ ಅಥವಾ ಗುರುಗಳಿಗೆ ಒಪ್ಪಿಸಿ. ಸಭೆಯ ದಿನ ಮತ್ತು ಹೊತ್ತನ್ನು ಮಾತ್ರ ಬದಲಾಯಿಸಬೇಡಿ. ಇಬ್ಬರೇ ಕುಳಿತರೂ ಪ್ರಾರ್ಥನೆ, ವಾಚನ, ವರದಿ, ಚೀಲ ಎಲ್ಲವೂ ಅದೇ ಕ್ರಮದಲ್ಲಿ ನಡೆಯಲಿ, ಮತ್ತು ನಡಾವಳಿ ಪುಸ್ತಕದಲ್ಲಿ ಹಾಜರಿ 2 ಎಂದು ಬರೆದು ಸಹಿ ಹಾಕಿ.